ಜಪಾನ್ ಆಂಟಿಯ ನಾಲ್ಕು ನಿಮಿಷ

ಮೊನ್ನೆ ಶನಿವಾರ, ಯುಗಾದಿಗೆ ಒಣಗಿಸಿದ ಬೇವಿನ ಹೂವಾದರೂ ಸಿಗುತ್ತದೇನೋ ಎಂದು ಇಲ್ಲಿ ಅಡಿಲೇಡಿನ ಇಂಡಿಯನ್ ಅಂಗಡಿಗೆ ಹೋಗಿದ್ದೆ. ಹೂ ಸಿಗಲಿಲ್ಲ. ಬೇಳೆಕಾಳುಗಳ ಹಿಂದೆ, ಯಾರೂ ಕೈಹಾಕದ ಶೆಲ್ಫಿನಲ್ಲಿ, ಜೇಷ್ಠಮಧುವಿನ ಒಂದು ಪೊಟ್ಟಣ ಒಡೆದು ಬಿದ್ದಿತ್ತು. ಸ್ವಲ್ಪ ಮಣ್ಣಿನದು, ಸ್ವಲ್ಪ ಸಿಹಿಯದು, ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಐದು ಕೆಜಿ ಅಕ್ಕಿ ಚೀಲವನ್ನು ಕಂಕುಳಲ್ಲಿ ಇಟ್ಟುಕೊಂಡು ಅಲ್ಲೇ ನಿಂತುಬಿಟ್ಟೆ. ಹಿಂದಿದ್ದವರು ದಾರಿ ಬಿಡಿ ಎಂದು ಎರಡು ಸಲ ಹೇಳಬೇಕಾಯಿತು. ಕೊನೆಗೆ ಆ ಒಡೆದ ಪೊಟ್ಟಣವನ್ನೇ ಕೊಂಡು ತಂದೆ. ನಮ್ಮ ಮನೆಯಲ್ಲಿ ಹಾಡುವವರು ಯಾರೂ ಇಲ್ಲ, ಜೇಷ್ಠಮಧು ಅಗಿಯುವವರೂ ಇಲ್ಲ.

ಅಗಿಯುತ್ತಿದ್ದವರು ಪರ್ತ್‌ನ ಆಂಟಿ...

ಏಳೆಂಟು ವರ್ಷದ ಹಿಂದಿನ ಮಾತು. ಆಗ ನಾನು ಪರ್ತ್‌ನಲ್ಲಿ ರಸ್ತೆ ಅಳೆಯುವ ಎಂಜಿನಿಯರ್. ಅಲ್ಲಿನ ಬೆಂಟ್ಲಿ ಬಡಾವಣೆಯಲ್ಲಿ ಆಂಟಿ ಮತ್ತು ಅಂಕಲ್ ಇದ್ದ ಮನೆಯ ಹಿತ್ತಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಸುತ್ತಲಿನ ಮನೆಗಳ ತುಂಬ ಯೂನಿವರ್ಸಿಟಿ ಹುಡುಗರು. ಒಂದೊಂದು ಮನೆಯ ಮುಂದೆ ಹತ್ತು ಜೊತೆ ಚಪ್ಪಲಿ. ಅದರ ಮಧ್ಯೆ ಈ ಒಂದು ಮನೆಯ ಬಾಗಿಲಿಗೆ ಮಾತ್ರ ರಂಗೋಲಿ. ಆಂಟಿಗೆ ಅರವತ್ತೈದರ ಆಸುಪಾಸು. ಚಿಕ್ಕ ಆಳು. ಜೇಷ್ಠಮಧುವಿನ ಕಡ್ಡಿ ಯಾವಾಗಲೂ ದವಡೆಯಲ್ಲಿ. ನಾನು ಕೆಮ್ಮಿದರೂ ಒಂದು ಚೂರು ನನ್ನ ಕೈಗಿಡುತ್ತಿದ್ದರು, ಸೀನಿದರೂ ಇಡುತ್ತಿದ್ದರು. ಸಂಬಳ ತಡವಾಯಿತು ಎಂದರೂ ಅದನ್ನೇ ಕೊಡುತ್ತಿದ್ದರೋ ಏನೋ, ನಾನು ಹೇಳಿ ನೋಡಲಿಲ್ಲ.

ನಮ್ಮ ಕನ್ನಡ ಸಂಘದಲ್ಲಿ ಎಲ್ಲರಿಗೂ ಅವರು ಜಪಾನ್ ಆಂಟಿ. ಎದುರಿಗೂ ಹಾಗೇ ಕರೆಯುತ್ತಿದ್ದರು, ಹಿಂದೆಯೂ ಹಾಗೇ. ಎದುರಿಗೆ ಕರೆದಾಗ ಸಲಿಗೆ, ಹಿಂದೆ ಕರೆದಾಗ ಸ್ವಲ್ಪ ನಗು. ಅಂಕಲ್ ಮೈಸೂರಿನಲ್ಲಿ ಯಂತ್ರದ ಕಾರ್ಖಾನೆಯಲ್ಲಿದ್ದವರು. ಮದುವೆಯಾದ ಹೊಸದರಲ್ಲಿ ಕಂಪನಿ ಅವರನ್ನು ಜಪಾನಿನ ನಗೋಯಾಗೆ ಕಳಿಸಿತು. ಎರಡು ವರ್ಷಕ್ಕೆಂದು ಹೋದವರು ಒಂಬತ್ತು ವರ್ಷ ಅಲ್ಲೇ ಉಳಿದರು. ಅಂಕಲ್ ಬೆಳಿಗ್ಗೆ ಏಳಕ್ಕೆ ಹೋದರೆ ಬರುವುದು ಕತ್ತಲಾದ ಮೇಲೆ. ಭಾಷೆ ಬರದ ಊರಿನಲ್ಲಿ ಇಪ್ಪತ್ತೆರಡರ ಹೆಂಗಸು, ಎರಡು ಕೋಣೆಯ ಮನೆ, ಒಂದು ಟಿವಿ.

ಆ ಟಿವಿಯಲ್ಲಿ ಸಂಜೆಯ ಹೊತ್ತು ಒಂದು ಧಾರಾವಾಹಿ. ಮೀನುಗಾರರ ಹಳ್ಳಿಯ ಶಾಲಾ ಮೇಷ್ಟರ ಕಥೆ. ಮೇಷ್ಟರ ಪಾತ್ರದವರು ನಟನಷ್ಟೇ ಅಲ್ಲ, ಹಾಡು ಬರೆದು ತಾವೇ ಹಾಡುವವರು. ಕಂತು ಮುಗಿಯುವಾಗ ಅವರೇ ಗಿಟಾರು ಹಿಡಿದು ಹಾಡುತ್ತಿದ್ದರಂತೆ. ಜಪಾನಿನಲ್ಲಿ ಅವರ ಹಾಡು ತಿಳಿಯದ ಮನೆಯಿಲ್ಲ ಎಂದು ಆಂಟಿ ಹೇಳುತ್ತಿದ್ದರು. ಬಸ್ಸಿನ ಡ್ರೈವರ್, ಮೀನಂಗಡಿಯವಳು, ಪಕ್ಕದ ಮನೆಯ ಅಜ್ಜಿ, ಎಲ್ಲರ ಬಾಯಲ್ಲೂ ಅವೇ. ಆಂಟಿ ಜಪಾನಿ ಕಲಿತದ್ದು ಆ ಹಾಡುಗಳಿಂದ. ಅರ್ಥ ಗೊತ್ತಿಲ್ಲದೆ ನಾವು ಮಂತ್ರ ಬಾಯಿಪಾಠ ಮಾಡುವುದಿಲ್ಲವೇ, ಹಾಗೆ ಮೊದಲು ಕನ್ನಡ ಲಿಪಿಯಲ್ಲಿ ಕೇಳಿದ್ದನ್ನು ಕೇಳಿದ ಹಾಗೆ ಬರೆದುಕೊಂಡರು. ಮೇಲೆ ಸರಿಗಮ ಹಾಕಿದರು. ಅರ್ಥ ಒಂದೊಂದಾಗಿ ಆಮೇಲೆ ಬಂತು.

"ಅಂಗಡೀಲಿ ಉಪ್ಪು ಕೇಳೋಕೆ ಬರ್ತಿರ್ಲಿಲ್ಲ ಕಣೋ, ವಿರಹದ ಹಾಡು ಮಾತ್ರ ಪೂರ್ತಿ ಬರ್ತಿತ್ತು" ಎಂದು ನಗುತ್ತಿದ್ದರು.

ಅಂಕಲ್ ಪೇಪರಿನ ಹಿಂದಿನಿಂದ, "ನಗೋಯಾದಲ್ಲಿ ನಾವು ಇಬ್ರೇ ಇದ್ದಿದ್ದಲ್ಲಪ್ಪ, ಮೂರು ಜನ" ಎನ್ನುತ್ತಿದ್ದರು.

ಆ ನೋಟುಬುಕ್ಕನ್ನು ನಾನು ನೋಡಿದ್ದೇನೆ. ರಟ್ಟು ಹೋಗಿ, ಬೆನ್ನಿಗೆ ಬಟ್ಟೆ ಅಂಟಿಸಿದ್ದು. ಗುಂಡು ಗುಂಡಾದ ಕನ್ನಡ ಅಕ್ಷರದಲ್ಲಿ ಒಂದು ಮಾತೂ ಕನ್ನಡವಲ್ಲದ ಪುಟಗಳು. ಮೈಸೂರಿನಲ್ಲಿ ಆಂಟಿ ಜೂನಿಯರ್ ಪರೀಕ್ಷೆಯವರೆಗೆ ಸಂಗೀತ ಕಲಿತವರು. "ಮ ಇಲ್ಲ, ನಿ ಇಲ್ಲ, ನಮ್ಮ ಮೋಹನದ ಸ್ವರಗಳೇ ನೋಡು. ಆದ್ರೆ ಗಮಕ ಹಾಕಿದ್ಯೋ, ಕೆಟ್ಟೋಯ್ತು. ನೆಟ್ಟಗೆ ಹಾಡ್ಬೇಕು, ಮಾತಾಡ್ದಂಗೆ" ಎಂದು ಹೇಳಿಕೊಡುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ. ನನಗೆ ಮೋಹನವೂ ಒಂದೇ, ಮೈಕ್ ಟೆಸ್ಟಿಂಗೂ ಒಂದೇ.

ಅಷ್ಟು ಹಾಡು ಬಂದರೂ ಅವರು ಜನರ ಮುಂದೆ ಒಂದೇ ಒಂದು ಸಲ ಹಾಡಿರಲಿಲ್ಲ. ಮೈಸೂರಿನಲ್ಲಿ ವೇದಿಕೆ ಹತ್ತುವ ಹೊತ್ತಿಗೆ ಮದುವೆಯಾಯಿತು. ನಗೋಯಾದಲ್ಲಿ ಕೇಳುವವರಿರಲಿಲ್ಲ. ಪರ್ತ್‌ನಲ್ಲಿ ಕೇಳುವ ಕಿವಿಗಳೇನೋ ಇದ್ದವು, ಆದರೆ ಜಪಾನಿ ಹಾಡು ಎಂದರೆ ಅವಕ್ಕೆ ತಮಾಷೆ. ಹೀಗಾಗಿ ನಲವತ್ತು ವರ್ಷ ಅವರ ಹಾಡು ಕೇಳಿದ್ದು ಅಡುಗೆಮನೆಯ ಪಾತ್ರೆಗಳು ಮಾತ್ರ. ಹಿತ್ತಲಿನ ಕೋಣೆಯಲ್ಲಿದ್ದ ನಾನೂ ಕೇಳಿದ್ದೆ, ಆದರೆ ನಾನೂ ಒಂದು ಪಾತ್ರೆಯೇ.

ಆ ವರ್ಷ ನಾನು ಸಂಘದ ಕಾರ್ಯದರ್ಶಿಯಾಗಿದ್ದೆ. ಕಾರ್ಯದರ್ಶಿ ಎಂದರೆ ಕುರ್ಚಿ ಹಾಕುವವನು, ಹಾಡಿನ ಟ್ರ್ಯಾಕುಗಳನ್ನು ಲ್ಯಾಪ್‌ಟಾಪಿನಲ್ಲಿ ಜೋಡಿಸುವವನು, ಎಲ್ಲ ಮುಗಿದ ಮೇಲೆ ವಂದನಾರ್ಪಣೆ ಮಾಡುವವನು. ಒಂದು ಬೆಳಿಗ್ಗೆ ದೋಸೆ ಹಾಕುತ್ತಾ ಆಂಟಿ, "ಈ ಸಲ ರಾಜ್ಯೋತ್ಸವಕ್ಕೆ ನಂದೂ ಒಂದು ಐಟಂ ಹಾಕೋ" ಎಂದರು. ದೋಸೆಯಿಂದ ಕಣ್ಣು ತೆಗೆಯದೆ ಹೇಳಿದರು.

ಸಮಿತಿಯಲ್ಲಿ ಹೇಳಿದೆ. ಎಲ್ಲರೂ ನಕ್ಕರು. ರಾಜ್ಯೋತ್ಸವದಲ್ಲಿ ಜಪಾನಿ ಹಾಡೇ ಎಂದು ಖಜಾಂಚಿ ಕೇಳಿದರು. ಅಧ್ಯಕ್ಷರು ಒಳ್ಳೆಯವರು. ನಾನು ಪರ್ತ್‌ನಲ್ಲಿ ಇಳಿದ ದಿನ ಏರ್‌ಪೋರ್ಟಿಗೆ ಬಂದು ಕರೆದುಕೊಂಡು ಹೋಗಿ ಎರಡು ವಾರ ಊಟ ಹಾಕಿದವರು. ಅವರು, "ಕನ್ನಡದಲ್ಲಿ ಹಾಡೋದಾದ್ರೆ ಹಾಡ್ಲಿ ಬಿಡಪ್ಪ" ಎಂದರು. ಅಲ್ಲಿಗೆ ವಿಷಯ ಮುಗಿಯಿತು ಎಂಬ ಧ್ವನಿಯಲ್ಲಿ ಹೇಳಿದ್ದು ಅದು. ಆಂಟಿ ಅದನ್ನು ಒಪ್ಪಿಗೆ ಎಂದುಕೊಂಡರು.

ಐದು ವಾರ ಕೂತು ಒಂದು ಹಾಡನ್ನು ಕನ್ನಡಕ್ಕೆ ತಂದರು. ಆ ಹಾಡಿನ ಕಥೆ ಇಷ್ಟೇ: ಒಬ್ಬ ಗಂಡ. ಮನೆಯ ಬಾಗಿಲು ಸರಿಸಿದಾಗಲೆಲ್ಲ ಕಿರುಗುಟ್ಟುತ್ತದೆ. ಹೆಂಡತಿ ಎಣ್ಣೆ ಹಾಕುತ್ತೇನೆ ಎನ್ನುತ್ತಾಳೆ, ಅವನು ಬೇಡ ಎನ್ನುತ್ತಾನೆ. ಆ ಸದ್ದು ಇದ್ದರೆ ತಾನೇ ನೀನು ಬಂದೆ ಎಂದು ಗೊತ್ತಾಗುವುದು ಎನ್ನುತ್ತಾನೆ. ಆಂಟಿ ಬರೆದದ್ದು ಹೀಗಿತ್ತು:

ಎಣ್ಣೆ ಹಾಕಬೇಡ ಕಣೇ, ಬಾಗಿಲು ಕಿರುಗುಡಲಿ
ಯಾರು ಬಂದರೆಂದು ಮನೆಗೆ ಬಾಗಿಲೇ ಹೇಳಲಿ

ಹೀಗೆ ಹನ್ನೆರಡು ಸಾಲು. ಒಂದೊಂದು ಸಾಲನ್ನೂ ಬೆರಳು ಮಡಿಸಿ ಎಣಿಸಿ, ರಾಗಕ್ಕೆ ಕೂಡದಿದ್ದರೆ ಹೊಡೆದುಹಾಕಿ ಮತ್ತೆ ಬರೆದರು. ಒಂದು ಪ್ರತಿ ತಮಗೆ, ಒಂದು ಪ್ರತಿ ಟ್ರ್ಯಾಕ್ ಹಾಕುವ ನನಗೆ.

ಹಾಡಿಲ್ಲದ ಬರಿಯ ವಾದ್ಯದ ಟ್ರ್ಯಾಕ್ ಇಂಟರ್ನೆಟ್ಟಿನಲ್ಲಿ ಸಿಕ್ಕಿತು. ನಾಲ್ಕು ನಿಮಿಷದ್ದು. ಆದರೆ ಅದು ಗಂಡಸಿನ ಶ್ರುತಿ. ಹೆಣ್ಣು ದನಿಗೆ ಸರಿಹೋಗುವಂತೆ ನಾಲ್ಕು ಮೆಟ್ಟಿಲು ಏರಿಸಿ ಕೊಟ್ಟೆ. ಮುಂದಿನ ವಾರ ಆಂಟಿ, "ಒಂಚೂರು ಇಳಿಸು ಪುಟ್ಟ" ಎಂದರು. ಮೂರಕ್ಕೆ ಇಳಿಸಿದೆ. ಅದರ ಮುಂದಿನ ವಾರ ಎರಡಕ್ಕೆ. ಆಮೇಲೆ ಒಂದಕ್ಕೆ. ಕಾರ್ಯಕ್ರಮಕ್ಕೆ ಹತ್ತು ದಿನ ಇರುವಾಗ ಮತ್ತೆ ಇಳಿಸು ಎಂದರು. ಏರಿಸಿದ್ದೆಲ್ಲ ಇಳಿದು, ಆ ಜಪಾನಿ ಗಾಯಕರ ಶ್ರುತಿಗೇ ಬಂದು ನಿಂತಿತು. "ಈಗ ನಾನೂ ಅವ್ರೂ ಒಂದೇ ಶ್ರುತಿ" ಎಂದು ನಕ್ಕರು. ನಗು ಗೊಗ್ಗರಾಗಿತ್ತು. ನಾನು ದಡ್ಡ, ನೆಗಡಿ ಎಂದುಕೊಂಡೆ.

ಆ ದಿನವೇ ಹೇಳಿದರು. ಹಿಂದಿನ ವರ್ಷ, ನಾನು ಆ ಕೋಣೆಗೆ ಬರುವ ಮೊದಲು, ಗಂಟಲಿಗೆ ರೇಡಿಯೇಷನ್ ಆಗಿತ್ತಂತೆ, ಸಂಘದವರಿಗೆ ಊರಿಗೆ ಹೋಗಿದ್ದೆವು ಎಂದು ಹೇಳಿದ್ದರಂತೆ. ಈಗ ಗಡ್ಡೆ ಮತ್ತೆ ಬಂದಿದೆ. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು. ಆಪರೇಷನ್ ರಾಜ್ಯೋತ್ಸವದ ಭಾನುವಾರ ಕಳೆದು ಬುಧವಾರ.

ಮೊಬೈಲಿನಲ್ಲಾದರೂ ರೆಕಾರ್ಡ್ ಮಾಡೋಣ ಎಂದೆ. ಆಂಟಿ ಬೇಡವೆಂದು ತಲೆಯಾಡಿಸಿದರು.

"ಯಾರೂ ಇಲ್ದಿರೋ ಕಡೆ ಬೇಕಾದಷ್ಟು ಹಾಡಿದೀನಿ. ಒಂದೇ ಒಂದ್ಸಲ ಜನ ಕೂತಿರ್ಬೇಕು, ನಾನು ನಿಂತಿರ್ಬೇಕು. ಅಷ್ಟೇ. ಆಗ ಎಷ್ಟು ಬೇಕಾದ್ರೂ ತಗೋ." ಆಮೇಲೆ, "ಯಾರಿಗೂ ಹೇಳ್ಬೇಡ. ಹೇಳಿದ್ರೆ ಪಾಪ ಅಂತ ಹಾಡಿಸ್ತಾರೆ. ಚಪ್ಪಾಳೇನೂ ಪಾಪ ಅಂತಾನೇ ಹೊಡೀತಾರೆ. ನಂಗದು ಬೇಡ" ಎಂದರು.

ಮಾತು ಕೊಟ್ಟೆ. ಮಾತು ಕೊಡುವುದು ಎಷ್ಟು ಸುಲಭ...

ಆ ಭಾನುವಾರ ಹಾಲ್ ನಮಗಿದ್ದದ್ದು ಮಧ್ಯಾಹ್ನ ಎರಡರಿಂದ ಐದರವರೆಗೆ. ಐದಕ್ಕೆ ಇನ್ಯಾರದ್ದೋ ಹುಟ್ಟುಹಬ್ಬ. ಹಾಲ್ ನೋಡಿಕೊಳ್ಳುವ ಮುದುಕ ಮೊದಲೇ ನನ್ನನ್ನು ಕರೆದು, ಐದು ಅಂದರೆ ಐದು ಎಂದು ಗೋಡೆ ಗಡಿಯಾರ ತೋರಿಸಿದ್ದ. ಆಂಟಿಯ ಹೆಸರು ಪಟ್ಟಿಯಲ್ಲಿ ಹದಿನಾಲ್ಕನೆಯದು. ಮೈಸೂರು ರೇಷ್ಮೆಯ ಸೀರೆ, ಬಾಟಲಿಯಲ್ಲಿ ಬಿಸಿನೀರು, ಬಾಯಲ್ಲಿ ಜೇಷ್ಠಮಧು. ಎಲ್ಲರ ಊಟಕ್ಕೆಂದು ಬೆಳಿಗ್ಗೆಯೇ ಎದ್ದು ಪುಳಿಯೋಗರೆ ಗೊಜ್ಜು ಕುದಿಸಿ ಎರಡು ಡಬ್ಬಿ ತಂದಿದ್ದರು. ಅಂಕಲ್ ಕೋಟು ಹಾಕಿಕೊಂಡು ಮೊದಲ ಸಾಲಿನಲ್ಲಿ ಕೂತರು. ನಾನು ಮೊಬೈಲನ್ನು ಮೂರು ಕಾಲಿನ ಸ್ಟ್ಯಾಂಡಿಗೆ ಹಾಕಿ, ವೇದಿಕೆಯ ನಡುಮಧ್ಯೆ ಕಾಣುವ ಹಾಗೆ ನಿಲ್ಲಿಸಿದೆ.

ಮುಖ್ಯ ಅತಿಥಿಗಳು ಬೆಂಗಳೂರಿನಿಂದ ಮಗನ ಮನೆಗೆ ಬಂದಿದ್ದ ನಿವೃತ್ತ ಅಧಿಕಾರಿಗಳು. ಅತಿಥಿಗಳನ್ನು ಸುಮ್ಮನೆ ಕರೆತರುವುದುಂಟೆ? ಖಜಾಂಚಿಗಳು ಬೆಳಿಗ್ಗೆಯೇ ಅವರನ್ನು ಸ್ವಾನ್ ವ್ಯಾಲಿಗೆ ಕರೆದುಕೊಂಡು ಹೋಗಿದ್ದರು, ದ್ರಾಕ್ಷಿ ತೋಟ ತೋರಿಸುವುದಕ್ಕೆ. ಒಂದು ತೋಟ ನೋಡಿದ ಮೇಲೆ ಇನ್ನೊಂದು. ಅವರು ಬಂದು ದೀಪ ಹಚ್ಚುವಾಗ ಮೂರು ಗಂಟೆ ಹತ್ತು ನಿಮಿಷ. ಆಮೇಲೆ ಕನ್ನಡ ಉಳಿಸುವುದು ಹೇಗೆ ಎಂದು ಮೂವತ್ತೈದು ನಿಮಿಷ ಮಾತಾಡಿದರು. ಆಮೇಲೆ ಪ್ರಾಯೋಜಕರಿಗೆ ಸನ್ಮಾನ. ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ, ಫೋಟೋ. ಫೋಟೋದಲ್ಲಿ ಕಣ್ಣು ಮುಚ್ಚಿದವರಿಗೆ ಇನ್ನೊಂದು ಫೋಟೋ.

ನಾಲ್ಕೂವರೆಗೆ ಅಧ್ಯಕ್ಷರು ಪರದೆಯ ಹಿಂದೆ ಬಂದು ನನ್ನ ಕೈಯಿಂದ ಪಟ್ಟಿ ತೆಗೆದುಕೊಂಡರು. ಪೆನ್ನಿನಿಂದ ಗೆರೆ ಎಳೆಯುತ್ತಾ ಹೋದರು. ಮಕ್ಕಳ ನೃತ್ಯಗಳಿಗೆ ಗೆರೆ ಬೀಳಲಿಲ್ಲ. "ಮಕ್ಳ ಡ್ಯಾನ್ಸ್ ಕಟ್ ಮಾಡಿದ್ರೆ ಅಪ್ಪ ಅಮ್ಮಂದ್ರು ಮುಂದಿನ ವರ್ಷ ಮೆಂಬರ್ರೇ ಆಗಲ್ಲ ಕಣಪ್ಪ" ಎಂದರು. ಒಬ್ಬೊಬ್ಬರೇ ಹಾಡುವ ದೊಡ್ಡವರಿಗೆ ಗೆರೆ ಬಿತ್ತು. ಹದಿನಾಲ್ಕನೆಯದಕ್ಕೂ ಬಿತ್ತು.

"ಸರ್, ಆಂಟಿದು ಒಂದು ಇರ್ಲಿ. ನಾಲ್ಕೇ ನಿಮಿಷ" ಎಂದೆ.

"ಎಲ್ರೂ ನಾಲ್ಕೇ ನಿಮಿಷ ಅಂತಾರೆ."

"ಇದು ಹಾಗಲ್ಲ ಸರ್."

"ಹಾಗಾದ್ರೆ ಹೇಗೆ?"

ನಾನು ತಿರುಗಿ ನೋಡಿದೆ. ಆಂಟಿ ಪರದೆಯ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದರು. ಎಲ್ಲ ಕೇಳಿಸಿತ್ತು. ನನ್ನನ್ನೇ ನೋಡುತ್ತಾ, ತಲೆಯನ್ನು ಅಡ್ಡಡ್ಡ ಆಡಿಸಿದರು. ಹೇಳಬೇಡ ಎಂದು.

ಹೇಳಲಿಲ್ಲ. ಇಂದಿಗೂ ಗೊತ್ತಿಲ್ಲ, ಹೇಳಬೇಕಿತ್ತೋ ಏನೋ. ಹೇಳಿದ್ದರೆ ಅಧ್ಯಕ್ಷರು ಕಣ್ಣೀರು ಹಾಕಿಕೊಂಡು ಹಾಡಿಸುತ್ತಿದ್ದರು, ಹಾಲ್ ಪೂರ್ತಿ ಎದ್ದು ನಿಲ್ಲುತ್ತಿತ್ತು, ಆಂಟಿಗೆ ಯಾವುದು ಬೇಡವಾಗಿತ್ತೋ ಅದೇ ಆಗುತ್ತಿತ್ತು. ಹೇಳದಿದ್ದರೆ ಏನೂ ಆಗುವುದಿಲ್ಲ. ಎರಡರ ಮಧ್ಯೆ ಮೂರನೆಯ ದಾರಿಯೇ ನನಗೆ ಕಾಣಲಿಲ್ಲ. ಅಧ್ಯಕ್ಷರು ನನ್ನ ಭುಜ ತಟ್ಟಿ, "ಜಪಾನ್ ಆಂಟಿ ನಮ್ಮೋರೇ, ಏನೂ ಅಂದ್ಕೊಳಲ್ಲ. ಯುಗಾದಿಗೆ ಹಾಡ್ಸೋಣ" ಎಂದು ಹೇಳಿ ಹೋದರು.

ನಾನು ಸ್ಟೂಲಿನ ಹತ್ತಿರ ಹೋದೆ. ಆಂಟಿಯೇ, "ನಿಂಗೆ ವಂದನಾರ್ಪಣೆ ಇದೆಯಲ್ಲ, ಹೆಸ್ರು ಬರ್ಕೊಂಡ್ಯಾ?" ಎಂದು ಕೇಳಿದರು. ಬರೆದುಕೊಂಡಿರಲಿಲ್ಲ. ಜೇಬಿನಲ್ಲಿ ಸಿಕ್ಕ ಕಾಗದದ ಹಿಂಬದಿಯಲ್ಲಿ ಗೀಚತೊಡಗಿದೆ. ಯಾರ ಹೆಸರು ಬಿಟ್ಟರೂ ಆರು ತಿಂಗಳು ಅದೇ ಮಾತಾಗುತ್ತದೆ, ಗೊತ್ತಲ್ಲ. ಆಂಟಿ ಪಕ್ಕದಲ್ಲಿ ಕೂತು ನೆನಪಿಸುತ್ತಾ ಹೋದರು. ಸೌಂಡಿನವರು, ರಂಗೋಲಿ ಹಾಕಿದವರು, ನೀರಿನ ಬಾಟಲಿ ತಂದವರು. "ಹಾಲ್ ತಾತನ್ನ ಮರೀಬೇಡ, ಪಾಪ ಬೆಳಗ್ಗಿಂದ ನಿಂತಿದ್ದಾನೆ" ಎಂದರು. ದನಿ ಅಷ್ಟು ಗೊಗ್ಗರಾಗಿದ್ದರಿಂದ ಕಿವಿಯನ್ನು ಹತ್ತಿರ ಒಯ್ಯಬೇಕಾಗಿತ್ತು.

ಐದಕ್ಕೆ ಹತ್ತು ನಿಮಿಷ ಇರುವಾಗ ಕೊನೆಯ ನೃತ್ಯ ಮುಗಿಯಿತು. ನಿರೂಪಕಿ ನನ್ನ ಹೆಸರು ಕರೆದಳು. ಮೈಕಿನ ಮುಂದೆ ನಿಂತು ಓದಿದೆ. ಅರವತ್ತಕ್ಕೂ ಮೇಲೆ ಹೆಸರುಗಳು. ಒಂದೊಂದು ಹೆಸರಿಗೂ ಚಪ್ಪಾಳೆ. ಮೊದಲ ಸಾಲಿನಲ್ಲಿ ಅಂಕಲ್ ಕತ್ತು ಉದ್ದ ಮಾಡಿ ಪರದೆಯ ಕಡೆ ನೋಡುತ್ತಿದ್ದರು. ಮುಂದಿನದು ಆಂಟಿಯದು ಎಂದೇ ಅವರು ಅಂದುಕೊಂಡಿದ್ದರು. ವಂದನಾರ್ಪಣೆಯಾದ ಮೇಲೆ ಇನ್ನೇನೂ ಇರುವುದಿಲ್ಲ ಎನ್ನುವುದು ಅವರಿಗೆ ಹೊಳೆಯಲೇ ಇಲ್ಲ.

ನಾನು ಕಾಗದ ಮಡಿಸಿದಾಗ ಗಡಿಯಾರದಲ್ಲಿ ಐದಕ್ಕೆ ಎರಡು ನಿಮಿಷ. ಹಾಲ್ ತಾತ ಬೀಗದ ಕೈಗೊಂಚಲು ಅಲ್ಲಾಡಿಸಿದ.

ನನ್ನದು ಎಂಟು ನಿಮಿಷ ಆಗಿತ್ತು. ಎಂಟು ನಿಮಿಷ ಮೈಕು ನನ್ನ ಕೈಯಲ್ಲಿತ್ತು. ಎಲ್ಲರಿಗೂ ಧನ್ಯವಾದ ಎಂದು ಒಂದೇ ಮಾತು ಹೇಳಿ, ಈಗ ಒಂದು ಹಾಡು ಎಂದಿದ್ದರೆ ನನ್ನನ್ನು ಯಾರು ತಡೆಯುತ್ತಿದ್ದರು? ಗುಟ್ಟೂ ಉಳಿಯುತ್ತಿತ್ತು, ಹಾಡೂ ಆಗುತ್ತಿತ್ತು. ಆ ಮೂರನೆಯ ದಾರಿ ನನ್ನ ಕೈಯಲ್ಲೇ ಇತ್ತು. ಇದು ನನಗೆ ಹೊಳೆದದ್ದು ಅಂಕಲ್ ಕಾರು ಹೆದ್ದಾರಿಗೆ ಬಂದ ಮೇಲೆ. ಹಿಂದಿನ ಸೀಟಿನಲ್ಲಿ ಖಾಲಿ ಗೊಜ್ಜಿನ ಡಬ್ಬಿಗಳ ಪಕ್ಕ ಕೂತಿದ್ದೆ. ಕಾರು ನಿಲ್ಲಿಸಿ ಎಂದು ಕೂಗಬೇಕು ಎನ್ನಿಸಿತು. ನಿಲ್ಲಿಸಿ ಏನು ಮಾಡುವುದು?

ಆಂಟಿ ಮುಡಿಯ ಹೂ ತೆಗೆದು ಮಡಿಲಲ್ಲಿ ಇಟ್ಟುಕೊಂಡಿದ್ದರು. ಬೆಂಟ್ಲಿ ಬಂದಾಗ, "ಚೆನ್ನಾಗ್ ಓದ್ದೆ ಕಣೋ. ಯಾರೂ ಬಿಟ್ಟೋಗ್ಲಿಲ್ಲ" ಎಂದರು. ಚುಚ್ಚುವ ಮಾತಲ್ಲ ಅದು, ಅವರು ಹಾಗೆ ಮಾತಾಡುವವರೇ ಅಲ್ಲ. ನಿಜವಾಗಿಯೇ ಹೇಳಿದ್ದು. ಚುಚ್ಚಿದ್ದರೆ ಎಷ್ಟೋ ವಾಸಿಯಿತ್ತು. ನಾಳೆ ಮನೆಗೇ ನಾಲ್ಕು ಜನರನ್ನು ಕರೆಯೋಣ ಆಂಟಿ ಎಂದೆ. "ಬೇಡ ಬಿಡು, ಗಂಟ್ಲು ನೋಯ್ತಿದೆ" ಎಂದರು. ಸೋಮವಾರ, ಮಂಗಳವಾರ ಅವರು ಹೆಚ್ಚು ಮಾತಾಡಲಿಲ್ಲ. ಅಡುಗೆಮನೆಯಿಂದಲೂ ಹಾಡು ಕೇಳಲಿಲ್ಲ. ಬುಧವಾರ ಬೆಳಿಗ್ಗೆ ಆರಕ್ಕೆ ಆಸ್ಪತ್ರೆಗೆ ಹೊರಟರು. ಹೊರಡುವಾಗ ಕೊನೆಯ ಮಾತು ಎಂದು ನನಗೆ ಹೇಳಿದ್ದು, ಹಿತ್ತಲ ಬಾಗಿಲು ಭದ್ರ ಮಾಡಿಕೋ ಎಂದು.

ಆಪರೇಷನ್ ಚೆನ್ನಾಗಿಯೇ ಆಯಿತು. ಜೀವ ಉಳಿಯಿತು. ಯುಗಾದಿಗೆ ಅಧ್ಯಕ್ಷರು ಮರೆಯದೆ ಫೋನ್ ಮಾಡಿದರು, ಆಂಟಿ ಐಟಂ ಹಾಕಿದ್ದೇವೆ ಎಂದು. ಆಗ ಅಂಕಲ್ ವಿಷಯ ಹೇಳಿದರಂತೆ. ಅಧ್ಯಕ್ಷರು ಮನೆಗೆ ಬಂದು ಸೋಫಾದ ಮೇಲೆ ತಲೆ ಬಗ್ಗಿಸಿ ಕೂತದ್ದನ್ನು ನಾನು ನೋಡಿದೆ. ನನ್ನ ಮುಖ ನೋಡಿ, "ನಿಂಗೆ ಗೊತ್ತಿತ್ತಾ?" ಎಂದು ಕೇಳಿದರು. ಹೂಂ ಎಂದೆ.

ಅದೇ ವರ್ಷ ಆಂಟಿ ಅಂಕಲ್ ಮನೆ ಮಾರಿ ಬ್ರಿಸ್ಬೇನ್‌ನಲ್ಲಿದ್ದ ಮಗಳ ಹತ್ತಿರ ಹೋದರು. ನನಗೆ ಅಡಿಲೇಡಿನಲ್ಲಿ ಕೆಲಸ ಸಿಕ್ಕಿ, ಅಲ್ಲಿನ ಮಾಸನ್ ಲೇಕ್ಸ್‌ನಲ್ಲಿ ಮನೆ ಮಾಡಿದೆ. ಎರಡು ವರ್ಷ ಕಳೆದು ಆಫೀಸಿನ ಕೆಲಸಕ್ಕೆ ಬ್ರಿಸ್ಬೇನ್‌ಗೆ ಹೋದಾಗ ಅವರನ್ನು ನೋಡಿ ಬಂದೆ. ಕತ್ತಿಗೆ ಒಂದು ಹತ್ತಿಯ ಸ್ಕಾರ್ಫ್. ಕೊರಳಿಗೆ ಒತ್ತಿ ಹಿಡಿದು ಮಾತಾಡುವ ಯಂತ್ರವೊಂದನ್ನು ಆಸ್ಪತ್ರೆಯವರು ಕೊಟ್ಟಿದ್ದರು. ಆಂಟಿ ಅದನ್ನು ಅಡುಗೆಮನೆಯ ಡ್ರಾಯರಿನಲ್ಲಿ ಲಟ್ಟಣಿಗೆಯ ಪಕ್ಕ ಮಲಗಿಸಿದ್ದರು. ಹೇಳಬೇಕಾದ್ದನ್ನು ಮೊಬೈಲಿನಲ್ಲಿ ಕನ್ನಡದಲ್ಲಿ ಬರೆದು ತೋರಿಸುತ್ತಿದ್ದರು. ಯಾರನ್ನಾದರೂ ಕರೆಯಬೇಕಾದರೆ ಸ್ಟೀಲ್ ಲೋಟಕ್ಕೆ ಚಮಚದಿಂದ ಟಣ್ ಟಣ್ ಎಂದು ಬಡಿಯುತ್ತಿದ್ದರು. ಐದು ವರ್ಷದ ಮೊಮ್ಮಗಳು ನನಗೆ, "ಅಜ್ಜಿ ಡಸಂಟ್ ಟಾಕ್, ಶಿ ರಿಂಗ್ಸ್" ಎಂದು ವಿವರಿಸಿದಳು.

ಕಾಫಿಯಾದ ಮೇಲೆ ಆಂಟಿ ಬರೆದು ತೋರಿಸಿದರು: ಟ್ರ್ಯಾಕ್ ಇದೆಯಾ?

ಇತ್ತು. ನನ್ನ ಫೋನಿನಲ್ಲೇ ಇತ್ತು. ಹಾಕಿದೆ. ಗಿಟಾರು ಶುರುವಾಯಿತು. ಆಂಟಿ ಕಣ್ಣು ಮುಚ್ಚಿ ತೊಡೆಯ ಮೇಲೆ ಬೆರಳಿನಲ್ಲಿ ತಾಳ ಹಾಕಿದರು. ಹಾಡು ಶುರುವಾಗಬೇಕಾದ ಜಾಗ ಬಂದಾಗ ಕಣ್ಣು ತೆರೆದು ನನ್ನ ಕಡೆ ಕೈ ತೋರಿಸಿದರು. ನೀನು ಹಾಡು.

ಎಣ್ಣೆ ಹಾಕಬೇಡ ಕಣೇ... ಎಂದು ಶುರು ಮಾಡಿದೆ. ಎರಡು ಸಾಲು ಬಂತು. ಮೂರನೆಯದು ಬರಲಿಲ್ಲ. ಐದು ವಾರ ಗೋಡೆಯ ಆಚೆಯಿಂದ ಕೇಳಿದ ಹಾಡು, ಬರೆದು ಕೊಟ್ಟ ಹಾಡು, ನನಗೆ ಎರಡೇ ಸಾಲು ಗೊತ್ತಿತ್ತು. ಕಾಗದ ಅಡಿಲೇಡಿನ ಮನೆಯಲ್ಲಿತ್ತು. ಆಂಟಿಯ ತುಟಿಗಳು ಮುಂದಿನ ಸಾಲು ಹೇಳುತ್ತಿದ್ದವು. ನಾನು ಅವರ ತುಟಿಗಳನ್ನೇ ನೋಡಿದೆ, ಎಷ್ಟು ನೋಡಿದರೂ ಓದಲಾಗಲಿಲ್ಲ. ವಾದ್ಯ ಮಾತ್ರ ತನ್ನ ಪಾಡಿಗೆ ಹೋಗುತ್ತಲೇ ಇತ್ತು. ನಿಲ್ಲಿಸಲು ಧೈರ್ಯ ಬರಲಿಲ್ಲ. ಅಂಕಲ್ ಎದ್ದು, ಗ್ಯಾಸ್ ಆರಿಸಿ ಬರ್ತೀನಿ ಎಂದು ಒಳಗೆ ಹೋದರು. ಒಳಗೆ ಗ್ಯಾಸ್ ಉರಿಯುತ್ತಿರಲಿಲ್ಲ.

ಮುಗಿದ ಮೇಲೆ ಆಂಟಿ ಸದ್ದಿಲ್ಲದೆ ನಕ್ಕರು. ಬರೆದು ತೋರಿಸಿದರು: ಬಿಡು. ಮುಂದಿನ್ಸಲ ಕಲ್ತ್ಕೊಂಡ್ ಬಾ.

ಕಲಿತೆ. ನಿಜವಾಗಿಯೂ ಕಲಿತೆ. ರೈಲಿನಲ್ಲಿ ಆಫೀಸಿಗೆ ಹೋಗುವಾಗ ದಿನಾ ಒಂದೊಂದು ಸಾಲು. ಗಮಕ ಹಾಕದೆ, ನೆಟ್ಟಗೆ, ಮಾತಾಡ್ದಂಗೆ. ಏಳನೆಯ ಸಾಲಿಗೆ ಬಂದಿದ್ದಾಗ ಅವರ ಮಗಳ ಫೋನ್ ಬಂತು, ಅಮ್ಮ ಹೋದರು ಎಂದು. ಗಡ್ಡೆ ಶ್ವಾಸಕೋಶಕ್ಕೆ ಹರಡಿತ್ತಂತೆ, ಯಾರಿಗೂ ಹೇಳಬೇಡ ಎಂದಿದ್ದರಂತೆ. ಅದೂ ಹಾಗೆಯೇ...

ಉಳಿದ ಐದು ಸಾಲನ್ನು ಆಮೇಲೆ ಕಲಿತೆ.

ಶನಿವಾರ ಅಂಗಡಿಯಿಂದ ಬಂದು ಹಳೆಯ ಬಿಸ್ಕತ್ತಿನ ಡಬ್ಬಿ ತೆಗೆದೆ. ಒಳಗೆ ಒಂದು ಪೆನ್‌ಡ್ರೈವ್ ಇದೆ. ಐದು ಟ್ರ್ಯಾಕುಗಳು. ಆಂಟಿ ನಾಲ್ಕು, ಆಂಟಿ ಮೂರು, ಆಂಟಿ ಎರಡು, ಆಂಟಿ ಒಂದು, ಆಂಟಿ ಸೊನ್ನೆ. ನಾನೇ ಇಟ್ಟ ಹೆಸರುಗಳು. ಒಂದೊಂದಾಗಿ ಕೇಳಿದರೆ ಒಬ್ಬರ ದನಿ ಮೆಟ್ಟಿಲಿಳಿದು ಹೋದದ್ದು ಗೊತ್ತಾಗುತ್ತದೆ, ದನಿ ಮಾತ್ರ ಯಾವುದರಲ್ಲೂ ಇಲ್ಲ. ಆ ಜಪಾನಿ ಗಾಯಕರಿಗೆ ಈಗ ಎಂಬತ್ತರ ಹತ್ತಿರವಂತೆ, ಇನ್ನೂ ಹಾಡುತ್ತಾರಂತೆ, ಸಾವಿರಾರು ಜನ ಕೂತು ಕೇಳುತ್ತಾರಂತೆ. ಹಾಡಲಿ, ನೂರು ವರ್ಷ ಹಾಡಲಿ. ಆದರೂ ಹೊಟ್ಟೆ ಉರಿಯುತ್ತದೆ.

ಇಲ್ಲಿನ ಸಂಘದವರು ಹೋದ ವಾರ ಫೋನ್ ಮಾಡಿದ್ದರು. ಈ ಯುಗಾದಿಗೆ ವಂದನಾರ್ಪಣೆ ನೀವೇ ಮಾಡಬೇಕು, ನೀವು ಒಬ್ಬರನ್ನೂ ಬಿಡದೆ ಓದುತ್ತೀರಂತೆ ಎಂದರು. ಆಗಲಿ ಎಂದೆ. ನಾಲ್ಕು ನಿಮಿಷ ಈಗ ನನ್ನ ಹತ್ತಿರ ಇದೆ, ಮೈಕೂ ಸಿಗುತ್ತದೆ, ಹಾಡೂ ಪೂರ್ತಿ ಬರುತ್ತದೆ. ಹಾಡಬೇಕಾದವರೇ ಇಲ್ಲ.

ಡಬ್ಬಿಯಲ್ಲಿ ಆ ಕಾಗದವೂ ಇದೆ. ಒಂದು ಬದಿ ಗುಂಡು ಗುಂಡಾದ ಅಕ್ಷರದಲ್ಲಿ ಹನ್ನೆರಡು ಸಾಲು. ಅವತ್ತು ಅವಸರದಲ್ಲಿ ಜೇಬಿನಿಂದ ತೆಗೆದು ಹೆಸರುಗಳನ್ನು ಗೀಚಿದ್ದು ಇದರ ಹಿಂಬದಿಯಲ್ಲೇ. ಎಂಟು ನಿಮಿಷ ಮೈಕಿನ ಮುಂದೆ ನಾನು ಹೆಸರು ಓದುತ್ತಿದ್ದಾಗ ಅವರ ಹಾಡು ಜನರ ಕಡೆಗೆ ಮುಖ ಮಾಡಿ ನನ್ನ ಕೈಯಲ್ಲೇ ಇತ್ತು. ಶನಿವಾರ ಹೆಸರುಗಳ ಬದಿಯನ್ನು ಮತ್ತೆ ಓದಿದೆ. ಸೌಂಡಿನವರು, ರಂಗೋಲಿಯವರು, ಹಾಲ್ ತಾತ. ನಲವತ್ತೊಂದನೆಯದು ಆಂಟಿಯ ಹೆಸರು. ಅವರು ಪಕ್ಕದಲ್ಲೇ ಕೂತಿದ್ದಾಗ ನಾನೇ ಬರೆದದ್ದು, ನಾನೇ ಓದಿದ್ದು. ಚಪ್ಪಾಳೆಯೂ ಬಿದ್ದಿತ್ತು. ಹೆಸರಿನ ಮುಂದೆ, ಪುಳಿಯೋಗರೆ ಗೊಜ್ಜು ಎಂದಿದೆ.